ಕೂಲಂಟ್ ಇಳಿಯುತ್ತಿದೆಯಾ? ಸುರಿಯುವ ಮೊದಲು ಹುಡುಕಿ

ಕುಮಟಾದಿಂದ ಶಿರಸಿಗೆ ವಾಪಸ್ ಬರುತ್ತಿದ್ದೆ. ಜೀಪಿನ ಹಿಂದೆ ಎಂಟು ಚೀಲ ಗೊಬ್ಬರ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಹೀಟ್ ಮೀಟರಿನ ಮುಳ್ಳು ಮೇಲೇರತೊಡಗಿತು. ಇನ್ನೊಂದು ತಿರುವು ಕಳೆಯಲಿ, ನಿಲ್ಲಿಸೋಣ ಅಂದುಕೊಂಡೆ. ಅಷ್ಟರಲ್ಲಿ ಮುಳ್ಳು ತಾನಾಗೇ ಕೆಳಗಿಳಿಯಿತು. ಸದ್ಯ, ತಣಿಯಿತು ಎಂದು ಹಾಗೇ ಹತ್ತಿಸಿದೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಬಡಿದುಕೊಂಡು ನಿಂತಿತು.

ಮುಳ್ಳು ಇಳಿದದ್ದು ಎಂಜಿನ್ ತಣಿದದ್ದಕ್ಕಲ್ಲ, ಒಳಗಿನ ನೀರು ಖಾಲಿಯಾದದ್ದಕ್ಕೆ. ಮೀಟರಿನ ಸೆನ್ಸರ್ ಎಂಜಿನ್ ತಣಿಸುವ ಈ ದ್ರವದಲ್ಲಿ, ಅಂದರೆ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ತೋರಿಸುತ್ತದೆ. ಸುತ್ತ ಬರೀ ಗಾಳಿ ಇದ್ದರೆ ಅದನ್ನು ನಂಬುವ ಹಾಗಿಲ್ಲ. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಬೆಂಡಾಗಿತ್ತು, ಅದರಡಿಯ ಗ್ಯಾಸ್ಕೆಟ್ ಹೋಗಿತ್ತು. ಎಲ್ಲಕ್ಕೂ ಕಾರಣ ಕೆಳಗಿನ ಹೋಸ್ ಪೈಪಿನ ಒಂದು ಸಣ್ಣ ಬಿರುಕು. ಅದಕ್ಕೂ ಎರಡು ತಿಂಗಳ ಮೊದಲಿನಿಂದ ವಾರಕ್ಕೆ ಅರ್ಧ ಲೀಟರ್ ನೀರು ಸುರಿಯುತ್ತಲೇ ಇದ್ದೆ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಕೂಲಂಟ್ ಡೀಸೆಲ್ ಹಾಗೆ ಖರ್ಚಾಗುವುದಿಲ್ಲ. ಎಂಜಿನ್ನು, ಮುಂದೆ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ನಡುವೆ ಸುತ್ತುತ್ತಲೇ ಇರುತ್ತದೆ. ವರ್ಷದಲ್ಲಿ ಸ್ವಲ್ಪ ಇಳಿದರೆ ಚಿಂತೆಯಿಲ್ಲ. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ದಾರಿ ಮಾಡಿಕೊಂಡಿದೆ ಎಂದೇ ಅರ್ಥ. ಆ ದಾರಿ ಹುಡುಕುವುದು ಕಷ್ಟದ ಕೆಲಸವಲ್ಲ. ಒಂದು ಟಾರ್ಚು, ಹಳೆ ಬಟ್ಟೆ, ಒಂದು ರಟ್ಟಿನ ತುಂಡು, ಬೆಳಗಿನ ಅರ್ಧ ಗಂಟೆ ಸಾಕು.

ನಮ್ಮ ಕಡೆಯ ಗಾಡಿಗಳಿಗೆ ಇದು ಜಾಸ್ತಿ ಮುಖ್ಯ. ಸೊಪ್ಪಿನ ಬೆಟ್ಟದ ದಾರಿಯಲ್ಲಿ ಫೋರ್ ವೀಲ್ ಹಾಕಿ ಲೋ ಗೇರಿನಲ್ಲಿ ತೆವಳುವಾಗ ಎಂಜಿನ್ ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ನಡಿಗೆಯ ವೇಗದಲ್ಲಿ ಹೋಗುತ್ತದೆ. ಎದುರಿನಿಂದ ಗಾಳಿ ಬರುವುದೇ ಇಲ್ಲ. ಪೂರ್ತಿ ಭಾರ ಫ್ಯಾನಿನ ಮೇಲೆ. ಅಣಶಿ, ಅರಬೈಲು ಘಟ್ಟಗಳಲ್ಲೂ ಹೊರೆ ಹೊತ್ತ ಗಾಡಿಯದ್ದು ಇದೇ ಪಾಡು. ಊರೊಳಗೆ ಓಡಾಡುವಾಗ ಗೊತ್ತೇ ಆಗದ ಸಣ್ಣ ದೋಷ ಇಲ್ಲಿ ಹೊರಗೆ ಬರುತ್ತದೆ.

ತಣ್ಣಗಿರುವಾಗ ಶುರು ಮಾಡಿ

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಳಗೆ ಒತ್ತಡ ಇರುವವರೆಗೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಇರುತ್ತದೆ. ಮುಚ್ಚಳ ಸಡಿಲಾದ ಕ್ಷಣವೇ ಕುದ್ದು ಮುಖಕ್ಕೆ, ಕೈಗೆ ಹಾರುತ್ತದೆ. ಮೇಲಿನ ಹೋಸ್ ಪೈಪನ್ನು ದಪ್ಪ ಬಟ್ಟೆ ಹಿಡಿದು ಅದುಮಿ ನೋಡಿ. ಗಟ್ಟಿ ಇದ್ದರೆ ಒತ್ತಡ ಇನ್ನೂ ಇದೆ, ಕಾಯಿರಿ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನೋಡುವುದೇ ಒಳ್ಳೆಯದು.

ಮೊದಲು ಕೂಲಂಟ್ ಡಬ್ಬಿ. ಅದರ ಮೇಲೆ ಮಿನ್, ಮ್ಯಾಕ್ಸ್ ಎಂಬ ಎರಡು ಗೆರೆ ಇರುತ್ತವೆ. ತಣ್ಣಗಿರುವಾಗ ಮಟ್ಟ ಅವುಗಳ ನಡುವೆ ಇರಬೇಕು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಈಗಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ತನಿಖೆಗೆಲ್ಲ ಇದೇ ಆಧಾರ.

ಹಳೆ ಜೀಪುಗಳಲ್ಲಿ ರೇಡಿಯೇಟರಿಗೇ ಮುಚ್ಚಳ ಇರುತ್ತದೆ. ಡಬ್ಬಿಯಲ್ಲಿ ನೀರಿದೆ ಎಂದು ಅಲ್ಲಿಗೆ ನಿಲ್ಲಿಸಬೇಡಿ, ಈ ಮುಚ್ಚಳವನ್ನೂ ತೆಗೆದು ನೋಡಿ. ಕುತ್ತಿಗೆಯವರೆಗೆ ತುಂಬಿರಬೇಕು. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇದ್ದರೆ ತಪ್ಪು ಹೆಚ್ಚಾಗಿ ಮುಚ್ಚಳದ್ದೇ. ಬಿಸಿಯಾದಾಗ ಹೆಚ್ಚಿದ ಕೂಲಂಟ್ ಡಬ್ಬಿಗೆ ಹೋಗುತ್ತದೆ, ತಣಿದಾಗ ವಾಪಸ್ ಬರಬೇಕು. ಬಿಡುವುದಕ್ಕೂ ಎಳೆದುಕೊಳ್ಳುವುದಕ್ಕೂ ಮುಚ್ಚಳದಲ್ಲಿ ಎರಡು ವಾಲ್ವ್ ಇರುತ್ತವೆ. ಎಳೆದುಕೊಳ್ಳುವ ವಾಲ್ವ್ ಕಚ್ಚಿಕೊಂಡರೆ ಹೋದದ್ದು ಮರಳುವುದಿಲ್ಲ. ಬೆಳಿಗ್ಗೆ ಮೇಲಿನ ಹೋಸ್ ಪೈಪು ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ಅದೇ ಗುರುತು. ಮುಚ್ಚಳದ ರಬ್ಬರ್ ಬಿರಿದಿದ್ದರೂ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಇಡೀ ವ್ಯವಸ್ಥೆಯ ಅಗ್ಗದ ಸಾಮಾನುಗಳಲ್ಲಿ ಇದೂ ಒಂದು. ಅನುಮಾನ ಬಂದರೆ ಹೊಸದು ಹಾಕಿ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಒತ್ತಡದ ಅಂಕೆ ಬರೆದಿರುತ್ತದೆ, ಅಂಗಡಿಯಲ್ಲಿ ಅದೇ ಅಂಕೆಯದ್ದನ್ನು ಕೇಳಿ ತನ್ನಿ.

ಸೋರುವ ಜಾಗ ಹಿಡಿಯುವುದು

ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ನಿನ ಅಡಿಗೆ ರಟ್ಟು ಹಾಸಿ. ಬೆಳಿಗ್ಗೆ ಎಲ್ಲಿ ಹನಿ ಬಿದ್ದಿದೆ ನೋಡಿ, ಅದರ ನೇರ ಮೇಲಕ್ಕೆ ಟಾರ್ಚು ಹಾಕಿ. ಏಸಿ ಹಾಕಿಕೊಂಡು ಬಂದಿದ್ದರೆ ನೀರು ತೊಟ್ಟಿಕ್ಕುವುದು ಸಹಜ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂಲಂಟ್ ಬೆರಳಿಗೆ ಜಾರುತ್ತದೆ, ಹಸಿರೋ ಗುಲಾಬಿಯೋ ಬಣ್ಣ ಇರುತ್ತದೆ, ಸಿಹಿ ವಾಸನೆ ಬರುತ್ತದೆ. ನಾಲಿಗೆಗೆ ಮಾತ್ರ ತಾಗಿಸಬೇಡಿ, ಅದು ವಿಷ.

ರಟ್ಟು ಒಣಗಿಯೇ ಇದ್ದರೂ ಸೋರಿಕೆ ಇಲ್ಲ ಎಂದು ತೀರ್ಮಾನಿಸಬೇಡಿ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆರಿಹೋಗುತ್ತದೆ. ಆದರೆ ಕಲೆ ಉಳಿಯುತ್ತದೆ. ಹೋಸ್ ಪೈಪಿನ ಎರಡೂ ತುದಿಯ ಕ್ಲಿಪ್ಪಿನ ಸುತ್ತ, ರೇಡಿಯೇಟರಿನ ಬೆಸುಗೆಯ ಅಂಚಿನಲ್ಲಿ, ವಾಟರ್ ಪಂಪಿನ ಅಡಿಯಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ನೋಡಿ. ವಾಟರ್ ಪಂಪಿನ ಕೆಳಭಾಗದಲ್ಲಿ ಬೇಕೆಂದೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಸವೆದಾಗ ಅಲ್ಲಿಂದ ಹನಿ ಬೀಳುತ್ತದೆ. ಆ ತೂತಿಗೆ ಎಂಸೀಲ್ ಮೆತ್ತಿದ್ದನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ಬರಬೇಕಾದ ನೀರು ಬೇರಿಂಗಿಗೆ ನುಗ್ಗಿ ಪಂಪೇ ಕಚ್ಚಿಕೊಳ್ಳಬಹುದು.

ಹೋಸ್ ಪೈಪುಗಳನ್ನು ಉದ್ದಕ್ಕೂ ಅದುಮುತ್ತಾ ಬನ್ನಿ. ಬಾತುಕೊಂಡಿದೆಯಾ, ತೀರಾ ಮೆತ್ತಗಾಗಿದೆಯಾ, ಅದುಮಿದಾಗ ಚರಚರ ಎನ್ನುತ್ತದೆಯಾ? ಬದಲಾಯಿಸಿ. ಕೆಳಗಿನ ಪೈಪಿನ ತಳಭಾಗ ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿಯೇ ತಿಳಿಯಬೇಕು. ನನ್ನ ಬಿರುಕು ಇದ್ದದ್ದೂ ಅಲ್ಲೇ. ಕೆಲವು ಕ್ಲಿಪ್ಪುಗಳು ಬಿಸಿಯಲ್ಲಿ ಬಿಗಿಯಾಗಿದ್ದು ತಣಿದ ಮೇಲಷ್ಟೇ ಸೋರುತ್ತವೆ. ಗ್ಯಾರೇಜಿಗೆ ಬಿಸಿ ಗಾಡಿ ಒಯ್ದರೆ ಮೆಕ್ಯಾನಿಕ್‌ಗೆ ಏನೂ ಕಾಣದಿರುವುದು ಅದಕ್ಕೇ. ನೀವು ಬೆಳಿಗ್ಗೆ ನೋಡಿದ್ದನ್ನು ಅವರಿಗೆ ಹೇಳಿ.

ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ, ಗಾಜಿನ ಒಳಗೆ ಜಿಡ್ಡಿನ ಮಬ್ಬು ಕಟ್ಟುತ್ತಿದ್ದರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿರಬಹುದು. ಮಳೆಗಾಲದಲ್ಲಿ ಬಾಗಿಲಿನಿಂದ ನೀರು ಬಂತು ಎಂದು ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ.

ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ

ಆಗ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ತಣ್ಣಗಿರುವಾಗ ಮುಚ್ಚಳ ತೆಗೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಸರಿ. ಆಕ್ಸಿಲರೇಟರ್ ಒತ್ತಿದಷ್ಟೂ ಗುಳ್ಳೆ ಏಳುತ್ತಲೇ ಇದ್ದರೆ ಸಿಲಿಂಡರಿನ ಗಾಳಿ ಕೂಲಂಟ್‌ಗೆ ನುಗ್ಗುತ್ತಿದೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ಇನ್ನೂ ಬಿಸಿಯೇ ಆಗದ ಹೋಸ್ ಪೈಪು ಕಲ್ಲಿನ ಹಾಗೆ ಗಟ್ಟಿಯಾದರೂ ಅದೇ ಕಥೆ. ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಹೋಗಿ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಮಳೆಗಾಲದಲ್ಲಿ ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಎಂದು ಎರಡೇ ಕಿಲೋಮೀಟರ್ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ನೊರೆ ಕಟ್ಟುವುದುಂಟು. ಅದು ಗಾಳಿಯ ತೇವ. ಡಿಪ್‌ಸ್ಟಿಕ್ ಶುದ್ಧವಾಗಿದ್ದು ಕೂಲಂಟ್ ಇಳಿಯದಿದ್ದರೆ ಹೆದರಬೇಕಿಲ್ಲ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಕೆಲವು ನಿಮಿಷ ಬಿಳಿ ಹಬೆ ಬರುವುದೂ ಹಾಗೆಯೇ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಮಾತ್ರ ಚಿಂತಿಸಿ.

ಯಾವಾಗ ಬಿಸಿಯಾಗುತ್ತದೆ ಎಂಬುದೇ ಸುಳಿವು

ಕೂಲಂಟ್ ತುಂಬಿದೆ, ಆದರೂ ಗಾಡಿ ಹೀಟ್ ಆಗುತ್ತಿದೆ ಎನ್ನಿ. ಆಗ ಯಾವ ಹೊತ್ತಲ್ಲಿ ಎಂದು ಕೇಳಿಕೊಳ್ಳಿ.

ಹೆದ್ದಾರಿಯಲ್ಲಿ ಸರಿ ಇದ್ದು, ಬೆಟ್ಟದ ದಾರಿಯಲ್ಲಿ ನಿಧಾನವಾಗಿ ಹತ್ತುವಾಗ ಮಾತ್ರ ಬಿಸಿಯಾದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ನೋಡಿ. ಬೆಲ್ಟಿನಿಂದ ತಿರುಗುವ ಫ್ಯಾನಾದರೆ ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿ, ಸುಮಾರು 10–12 ಮಿಲಿಮೀಟರ್ ಬಗ್ಗಿದರೆ ಸಾಕು. ಕೆಲವು ಗಾಡಿಗಳಲ್ಲಿ ಫ್ಯಾನಿನ ನಡುವೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕ್ಲಚ್ ಇರುತ್ತದೆ. ಬಿಸಿಯಾಗಿರುವಾಗ ಎಂಜಿನ್ ಆಫ್ ಮಾಡಿ, ಕೈಯಿಂದ ತಿರುಗಿಸಿ. ತಡೆದು ತಡೆದು ತಿರುಗಿದರೆ ಸರಿ. ಗಿರಗಟ್ಟೆಯ ಹಾಗೆ ಸುತ್ತಿದರೆ ಕ್ಲಚ್ ಹೋಗಿದೆ. ಕರೆಂಟಿನ ಫ್ಯಾನಿಗೆ ಮಾತ್ರ ಕೈ ಹಾಕಬೇಡಿ. ಎಂಜಿನ್ ನಿಂತಿದ್ದರೂ ಅದು ತಟ್ಟನೆ ತಿರುಗಬಹುದು. ಅದಕ್ಕೆ ಫ್ಯೂಸ್, ರಿಲೇ ಪರೀಕ್ಷಿಸಿದರೆ ಸಾಕು.

ಫ್ಯಾನ್ ಸರಿ ಇದ್ದರೆ ರೇಡಿಯೇಟರಿನ ರೆಕ್ಕೆಗಳ ಸಂದಿ ಮುಚ್ಚಿರಬಹುದು. ಕೆಮ್ಮಣ್ಣಿನ ಕೆಸರು ಒಮ್ಮೆ ಒಣಗಿತೆಂದರೆ ಗಾರೆಯಂತೆ ಕೂರುತ್ತದೆ. ಏಸಿ ಇರುವ ಗಾಡಿಯಲ್ಲಿ ಮುಂದೆ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಎರಡರ ನಡುವಿನ ಸಂದಿಯಲ್ಲಿ ಮಣ್ಣು, ತರಗೆಲೆ ಸೇರಿಕೊಳ್ಳುತ್ತವೆ. ಎದುರಿನಿಂದ ನೋಡಿದರೆ ಎಲ್ಲಾ ಸ್ವಚ್ಛವಾಗಿಯೇ ಕಾಣುತ್ತದೆ, ಅಲ್ವಾ? ಮೇಲಿನಿಂದ ಟಾರ್ಚು ಬಿಟ್ಟು ನೋಡಬೇಕು. ಎಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನಿಂದ ನಿಧಾನ ನೀರು ಬಿಟ್ಟು ತೊಳೆಯಿರಿ. ಅಡಿಕೆಗೆ ಔಷಧಿ ಹೊಡೆಯುವ ಪಂಪು ಮನೆಯಲ್ಲೇ ಇದೆ ಎಂದು ಅದರಿಂದ ಹೊಡೆದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿ ಕಾಯಂ ಮುಚ್ಚುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದವರು ಇನ್ನೊಂದನ್ನು ಗಮನಿಸಬೇಕು. ಉಪ್ಪುಗಾಳಿಗೆ ರೆಕ್ಕೆಗಳು ಸವೆದು ಮುಟ್ಟಿದರೆ ಪುಡಿಯಾಗುತ್ತವೆ. ಕೊಳವೆ ಸೋರದಿದ್ದರೂ ಅಂಥ ರೇಡಿಯೇಟರ್ ಬಿಸಿ ಬಿಡುವುದಿಲ್ಲ. ಸಮುದ್ರದ ಮರಳಿನಲ್ಲಿ ಗಾಡಿ ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಹಾಗೆಯೇ ಗ್ರಿಲ್ ಮುಂದೆ ಸಾಲಾಗಿ ಹೆಚ್ಚುವರಿ ಲೈಟು ಕಟ್ಟಿಸಿದ್ದರೆ ಅದೂ ಗಾಳಿಗೆ ಅಡ್ಡ.

ಉಲ್ಟಾ, ನಿಧಾನ ಹೋದರೆ ಸರಿ, ಹೆದ್ದಾರಿಯಲ್ಲಿ 80ರ ವೇಗ ಹಿಡಿದಾಗ ಬಿಸಿ ಎಂದಾದರೆ ಒಳಗಿನ ಹರಿವಿನಲ್ಲೇ ತೊಂದರೆ. ರೇಡಿಯೇಟರ್ ಒಳಗೆ ತುಕ್ಕು ಕಟ್ಟಿರಬಹುದು. ಅಥವಾ ಕೆಳಗಿನ ಪೈಪು ಮೆತ್ತಗಾಗಿ, ಎಂಜಿನ್ ಜೋರಾದಾಗ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿರಬಹುದು. ಒಬ್ಬರು ಆಕ್ಸಿಲರೇಟರ್ ಒತ್ತಲಿ, ನೀವು ಪೈಪು ನೋಡಿ.

ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೇ ಮುಳ್ಳು ಏರಿ, ಮೇಲಿನ ಪೈಪು ಮಾತ್ರ ತಣ್ಣಗೇ ಇದ್ದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ತೆರೆಯುತ್ತಿಲ್ಲ. ಅದನ್ನು ಬಿಚ್ಚಿ ಪಾತ್ರೆಯ ನೀರಿಗೆ ಹಾಕಿ ಕಾಯಿಸಿ. ಸಾಮಾನ್ಯವಾಗಿ 82–88 ಡಿಗ್ರಿಗೆ ಬಾಯಿ ಬಿಡಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಿ. ಥರ್ಮೋಸ್ಟಾಟೇ ಬೇಡ ಎಂದು ತೆಗೆದು ಎಸೆಯುವ ರೂಢಿ ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಎಂಜಿನ್ ಬೇಕಾದ ಬಿಸಿಗೆ ಬರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಘಟ್ಟದ ನಡುವೆ ಮುಳ್ಳು ಏರಿದರೆ

ಏಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಸೆಖೆಯಾಗುತ್ತದೆ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಹೊರಗೆ ಬರುತ್ತದೆ. ಮೊದಲ ಅಗಲ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹಬೆ ನಿಂತ ಮೇಲೆ ಬಾನೆಟ್ ತೆಗೆಯಿರಿ. ಮುಕ್ಕಾಲು ಗಂಟೆಯಾದರೂ ಬಿಡಿ. ಪಕ್ಕದಲ್ಲೇ ಝರಿ ಹರಿಯುತ್ತಿದೆ ಎಂದು ಕಾದ ಎಂಜಿನ್ ಮೇಲೆ ನೀರು ಸುರಿಯಬೇಡಿ, ಎಂಜಿನ್ ಬಿರುಕು ಬಿಡಬಹುದು. ತಣಿದ ಮೇಲೆ ಬೇರೆ ಏನೂ ಇಲ್ಲದಿದ್ದರೆ ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ, ರೇಡಿಯೇಟರಿಗೆ ನಿಧಾನ ತುಂಬಿ ಮನೆ ಸೇರಿಕೊಳ್ಳಿ. ಅರಿಶಿನ ಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆ ಎನ್ನುವವರಿದ್ದಾರೆ. ಸಣ್ಣ ತೂತು ಮುಚ್ಚಬಹುದು, ಜೊತೆಗೆ ರೇಡಿಯೇಟರಿನ ಸಪೂರ ಕೊಳವೆಗಳೂ ಮುಚ್ಚುತ್ತವೆ.

ತುಂಬುವುದು ಕೊನೆಗೆ

ದೋಷ ಸರಿಯಾದ ಮೇಲೆ ಹಳೆಯದನ್ನು ಪೂರ್ತಿ ಇಳಿಸಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಬೆರೆಸಿ ಹಾಕಿ. ಬೆರೆಸಿಯೇ ಮಾರುವ ಕ್ಯಾನಾದರೆ ನೀರು ಸೇರಿಸಬೇಡಿ. ಅಬ್ಬಿ ನೀರಾಗಲಿ, ಕರಾವಳಿಯ ಬಾವಿ ನೀರಾಗಲಿ ಕಾಯಂ ಬಳಕೆಗೆ ಬೇಡ. ಅದರಲ್ಲಿರುವ ಲವಣ ಒಳಗೆ ಪದರ ಕಟ್ಟುತ್ತದೆ. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಯಾವ ಬಗೆಯದ್ದು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಎರಡು ಬಗೆ ಬೆರೆತರೆ ಲೋಳೆ ಕಟ್ಟಬಹುದು.

ಅಂಗಳದ ಏರಿನಲ್ಲಿ ಗಾಡಿಯ ಮೂತಿ ಮೇಲಾಗಿ ನಿಲ್ಲಿಸಿ. ಮುಚ್ಚಳ ತೆಗೆದಿಟ್ಟು, ಹೀಟರ್ ಬಿಸಿಗೆ ತಿರುಗಿಸಿ, ಎಂಜಿನ್ ಸುಮ್ನೆ ಓಡಲು ಬಿಡಿ. ಮೇಲಿನ ಪೈಪು ಬಿಸಿಯಾಗುತ್ತಿದ್ದಂತೆ ಮಟ್ಟ ಇಳಿಯುತ್ತದೆ, ಏರ್ ಹೊರಬರುತ್ತದೆ. ಇಳಿದಷ್ಟು ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ.

ಇಳಿಸಿದ ಹಳೆ ಕೂಲಂಟನ್ನು ಅಂಗಳದಲ್ಲಿ ಬಿಡಬೇಡಿ, ತೋಟದ ಕಾಲುವೆಗೂ ಚೆಲ್ಲಬೇಡಿ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಆದರೂ ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೆ ಆಯಿಲ್ ಜೊತೆ ಬೆರೆಸದೆ, ಗ್ಯಾರೇಜಿನಲ್ಲಿ ಕೇಳಿ ಕೊಟ್ಟುಬಿಡಿ.

ಮರುದಿನ ಬೆಳಿಗ್ಗೆ ಡಬ್ಬಿಯ ಮೇಲೆ ಹೊಸ ಗೆರೆ ಎಳೆಯಿರಿ. ಒಂದು ವಾರ ಮಾಮೂಲಿ ಓಡಾಟ ಮಾಡಿ, ದಿನವೂ ತಣ್ಣಗಿರುವಾಗ ನೋಡಿ. ಗೆರೆಯಿಂದ ಇಳಿಯದಿದ್ದರೆ ಹೊರೆ ಹೇರಿ ಘಟ್ಟ ಹತ್ತಿಸಬಹುದು.