ಕೊನೆಯ ಮನೆಯಿಂದ ಆರಂಭಿಸಿ: ಅಂಚಿನ ಗ್ರಾಮೀಣ ಕುಟುಂಬಗಳಿಗೆ ಆರೋಗ್ಯ ಭೇಟಿ ನಡೆಸುವ ಬಗೆ

ಹಳ್ಳಿಯ ಆರೋಗ್ಯ ಕೆಲಸವನ್ನು ಊರ ನಡುವಿನಿಂದ ಆರಂಭಿಸಿದರೆ ಅದು ಬಹುತೇಕ ಅಲ್ಲಿಯೇ ಮುಗಿದುಹೋಗುತ್ತದೆ. ಅಷ್ಟರಲ್ಲಿ ಹೊತ್ತು ಏರಿರುತ್ತದೆ, ನಡೆದವರು ದಣಿದಿರುತ್ತಾರೆ, ಊರಾಚೆಯ ನಾಲ್ಕಾರು ಮನೆಗಳು ಮುಂದಿನ ವಾರಕ್ಕೆ ಉಳಿಯುತ್ತವೆ. ಮುಂದಿನ ವಾರವೂ ಅವೇ ಉಳಿಯುತ್ತವೆ. ಆದ್ದರಿಂದ ನಡಿಗೆಯನ್ನು ಕೊನೆಯ ಮನೆಯಿಂದ ಆರಂಭಿಸಿ. ಅದಕ್ಕೂ ಮೊದಲು ಮನೆಗಳ ಪಟ್ಟಿಯನ್ನು ಸ್ವತಃ ತಿರುಗಾಡಿ ಬರೆದುಕೊಳ್ಳಿ. ಹಂಗಾಮಿನ ಕೂಲಿಗೆ ಬಂದವರು, ಬೇರೆಯವರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡವರು, ಒಂಟಿ ವೃದ್ಧರು, ಹೊರಗೆ ಕಾಣಿಸಿಕೊಳ್ಳದ ಅಂಗವಿಕಲರು ಸಿದ್ಧ ದಾಖಲೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತಾರೆ.

ಭೇಟಿಯ ಹೊತ್ತನ್ನು ಆ ಮನೆಯವರೇ ಹೇಳಲಿ. ನಾವು ಒಮ್ಮೆ ಒಂದು ಕುಟುಂಬವನ್ನು ‘ಸಹಕರಿಸುತ್ತಿಲ್ಲ’ ಎಂದು ಮೂರು ಸಲ ಬರೆದುಕೊಂಡಿದ್ದೆವು. ಮೂರು ಸಲವೂ ಹೋಗಿದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ, ದೊಡ್ಡವರೆಲ್ಲ ಕೂಲಿಗೆ ಹೋಗಿರುವ ಹೊತ್ತಿನಲ್ಲಿ. ಸಂಜೆ ದೀಪ ಹಚ್ಚುವ ಸಮಯಕ್ಕೆ ಹೋದಾಗ ಅದೇ ಮನೆಯವರು ಚಾಪೆ ಹಾಸಿ ಕೂರಿಸಿ ಮಾತನಾಡಿದರು. ಚಿಕಿತ್ಸೆಗೆ ಬಾರದವರನ್ನು ಅಜ್ಞಾನಿಗಳೆಂದು ತಿಳಿಯುವ ಮುನ್ನ, ಒಂದು ದಿನದ ಕೂಲಿ ತಪ್ಪಿದರೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿ ತಿಳಿಯಬೇಕು.

ಮೊದಲ ಭೇಟಿಯಲ್ಲಿ ದಾಖಲೆ ಪುಸ್ತಕ ತೆರೆಯಬೇಡಿ. ನಿಮ್ಮ ಪ್ರಶ್ನೆಗಳಿಗಿಂತ ಮುಂಚೆ ಅವರನ್ನು ಕಾಡುತ್ತಿರುವುದು ಯಾವುದು ಎಂದು ಕೇಳಿ. ಅದು ಮಗುವಿನ ಲಸಿಕೆಯಾಗಿರದೆ ಅತ್ತೆಯ ಮಂಡಿನೋವೋ ತೀರದ ಸಾಲವೋ ಆಗಿರಬಹುದು. ಅದನ್ನು ಪೂರ್ತಿ ಕೇಳಿಸಿಕೊಂಡವರ ಮಾತಿಗೆ ಮಾತ್ರ ಎರಡನೇ ಭೇಟಿಯಲ್ಲಿ ಬೆಲೆ ಇರುತ್ತದೆ. ಒಂದು ಭೇಟಿಗೆ ಒಂದೇ ಸಲಹೆ ಸಾಕು.

ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿದ್ದರೆ ತೋಳಿನ ಸುತ್ತಳತೆ ತೆಗೆಯಿರಿ. ಎಡ ಭುಜದ ತುದಿಗೂ ಮೊಣಕೈಗೂ ನಡುವಿನ ಜಾಗವನ್ನು ಗುರುತಿಸಿ, ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಚರ್ಮ ಒತ್ತದಂತೆ, ಆದರೆ ಸಂದು ಉಳಿಯದಂತೆ ಅಳತೆಪಟ್ಟಿಯನ್ನು ಸುತ್ತಬೇಕು. ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ, ಅಂದೇ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು, 11.5ರಿಂದ 12.5ರ ಒಳಗಿದ್ದರೆ ಆ ಮಗುವಿನ ಮೇಲೆ ಸತತ ಗಮನವಿರಬೇಕು. ಕೆಮ್ಮುವ ಮಗುವಿನ ಉಸಿರನ್ನು ಅದು ತಾಯಿಯ ಮಡಿಲಲ್ಲಿ ಅಳದೆ ಸುಮ್ಮನಿರುವಾಗ, ಅಂಗಿಯನ್ನು ಮೇಲೆತ್ತಿ, ಹೊಟ್ಟೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವ ರೂಢಿ ಬೇಡ, ಮಕ್ಕಳ ಉಸಿರಾಟ ಒಂದೇ ಲಯದಲ್ಲಿರುವುದಿಲ್ಲ. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ, ನ್ಯುಮೋನಿಯಾದ ಸೂಚನೆ. ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಕುಡಿಯಲಾರದಿದ್ದರೆ, ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿಸಿ.

ಭೇದಿಗೆ ಓಆರ್‌ಎಸ್ ಪುಡಿಯೇ ಉತ್ತಮ. ಅದು ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸುವುದನ್ನು ಆ ಮನೆಯ ಪಾತ್ರೆಯಲ್ಲೇ ತೋರಿಸಿ, ಬಳಿಕ ತಾಯಿಯ ಕೈಯಲ್ಲೇ ಮಾಡಿಸಿ. ಉಪ್ಪು ಹೆಚ್ಚಾದರೆ ಅಪಾಯವಿರುವುದರಿಂದ ಬಾಯಿಮಾತಿನ ವಿವರಣೆ ಸಾಲದು. ಜೊತೆಗೆ ಕೇಂದ್ರದಲ್ಲಿ ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತ ಮೇಲೂ, ಒಟ್ಟು 10ರಿಂದ 14 ದಿನ ಮುಂದುವರಿಸಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ 24 ಗಂಟೆಯೊಳಗೆ ಒಮ್ಮೆ, ಮೂರನೇ ದಿನ ಮತ್ತೊಮ್ಮೆ ಹೋಗಲೇಬೇಕು.

ಚೀಟಿ ಬರೆದುಕೊಟ್ಟು ‘ಆಸ್ಪತ್ರೆಗೆ ಹೋಗಿ’ ಎಂದರೆ ನೆರವು ಮುಗಿಯಲಿಲ್ಲ. ಯಾವ ವಾಹನ, ಅದರ ಬಾಡಿಗೆ ಯಾರದು, ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಅಲ್ಲಿ ಯಾರನ್ನು ಕಾಣಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಮನೆಯಿಂದ ಎದ್ದು ಬನ್ನಿ. ಸಾಧ್ಯವಾದರೆ ಮೊದಲ ಸಲ ಜೊತೆಗೇ ಹೋಗಿ. ಗದರಿಕೆಯ ಭಯದಿಂದ ಬಾಗಿಲಿನಿಂದಲೇ ಮರಳಿದವರನ್ನು ನಾನು ಕಂಡಿದ್ದೇನೆ. ಎರಡು ದಿನದೊಳಗೆ ಮತ್ತೆ ಹೋಗಿ ವಿಚಾರಿಸಿ.

ಗುಟ್ಟು ಕಾಯುವುದೂ ಈ ಕೆಲಸದ ಭಾಗವೇ. ಎರಡು ವಾರ ಮೀರಿದ ಕೆಮ್ಮಿರುವವರನ್ನು ಕ್ಷಯದ ಪರೀಕ್ಷೆಗೆ ಕಳುಹಿಸುವಾಗ ಅಂಗಳದಲ್ಲಿ ನಿಂತು ರೋಗದ ಹೆಸರೆತ್ತಬೇಡಿ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತದೆ, ಕೆಲವೇ ವಾರಗಳಲ್ಲಿ ಹಾಯೆನಿಸಿದಾಗ ಮಾತ್ರೆ ಬಿಡುವವರು ಹೆಚ್ಚು. ನಿಮ್ಮ ಭೇಟಿಯ ಅಗತ್ಯ ಹೆಚ್ಚುವುದು ಆಗಲೇ. ಮನೆಯಲ್ಲಿ ಹೊಡೆತ ಬಡಿತದ ಸುಳಿವಿದ್ದರೆ ಹೆಂಗಸಿನೊಡನೆ ಅವಳು ಒಬ್ಬಳೇ ಇದ್ದಾಗ ಮಾತ್ರ ಮಾತನಾಡಿ, ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳಬೇಡಿ.

ಈ ಭೇಟಿಗಳನ್ನು ನಡೆಸುವ ಆರೋಗ್ಯ ಕಾರ್ಯಕರ್ತೆಯನ್ನು ಆ ಕೇರಿಯಿಂದಲೇ ಆರಿಸಿ, ಅವಳ ದುಡಿಮೆಗೆ ತಕ್ಕ ಸಂಬಳ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬಡ ಹೆಂಗಸಿನ ಪುಕ್ಕಟೆ ದುಡಿಮೆಯ ಮೇಲೆ ಬಡವರ ಆರೋಗ್ಯ ಸೇವೆಯನ್ನು ಕಟ್ಟುವುದು ಅನ್ಯಾಯ. ವಲಸೆ ಹೊರಡುವ ಕುಟುಂಬಗಳು ಗಂಟುಮೂಟೆ ಕಟ್ಟುವ ದಿನವನ್ನು ಅವಳು ಮೊದಲೇ ತಿಳಿದಿರುತ್ತಾಳೆ. ಅಂದು ಲಸಿಕೆಯ ಕಾರ್ಡು ಮತ್ತು ನಡೆಯುತ್ತಿರುವ ಚಿಕಿತ್ಸೆಯ ಚೀಟಿಯನ್ನು ನೀರು ತಾಗದ ಚೀಲದಲ್ಲಿಟ್ಟು ತಾಯಿಯ ಕೈಗೆ ಕೊಡಿ, ಮುಂದಿನ ಲಸಿಕೆಯ ದಿನವನ್ನು ಅವಳ ಬಾಯಿಂದಲೇ ಒಮ್ಮೆ ಹೇಳಿಸಿ.