ಶಾಲೆಯಲ್ಲಿ ಅಣಕು ಸಂಸತ್ತು: ಎರಡು ಸದನ ಇಟ್ಟೇ ನಡೆಸಿ

ಕಾಸರಗೋಡಿನ ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಲ್ಲಿ ಅಣಕು ಸಂಸತ್ತು ನೋಡಲು ಹೋದಾಗಲೆಲ್ಲ ಕಾಣುವುದು ಒಂದೇ ಸರಣಿ. ಪ್ರಮಾಣವಚನ, ನಾಲ್ಕು ಪ್ರಶ್ನೆ, ಪ್ರತಿಪಕ್ಷದ ಗಲಾಟೆ, ಸಭಾತ್ಯಾಗ, ಮಸೂದೆ ಪಾಸ್, ಚಪ್ಪಾಳೆ. ರಾಜ್ಯಸಭೆಯ ಸುದ್ದಿಯೇ ಇಲ್ಲ. ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಎರಡೂ ಸದನ ದಾಟಿ ಬಂದದ್ದು. ಈ ಊರಿನ ಮಕ್ಕಳಿಗೆ ಅರ್ಧ ಸಂಸತ್ತು ತೋರಿಸಿ ಕಳಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಮೊದಲು ಮಕ್ಕಳನ್ನು ಹಂಚಿ

50 ಮಕ್ಕಳಿದ್ದರೆ 32 ಮಂದಿ ಲೋಕಸಭೆಗೆ, 14 ಮಂದಿ ರಾಜ್ಯಸಭೆಗೆ. ದೆಹಲಿಯ ಪ್ರಮಾಣವೂ ಸುಮಾರಾಗಿ ಹೀಗೆಯೇ: ಲೋಕಸಭೆಯಲ್ಲಿ 543, ರಾಜ್ಯಸಭೆಯಲ್ಲಿ 245. ಉಳಿದ ನಾಲ್ವರು ರಾಷ್ಟ್ರಪತಿ, ಉಪರಾಷ್ಟ್ರಪತಿ, ಎರಡು ಸದನಗಳ ಮಹಾಕಾರ್ಯದರ್ಶಿಗಳು. ಸ್ಟೇಷನರಿ ಅಂಗಡಿಯ ಚಾರ್ಟು ಕೊಳ್ಳುವ ಮುನ್ನ ಓದಿ ನೋಡಿ. ಲೋಕಸಭೆಗೆ ಇಬ್ಬರು ಆಂಗ್ಲೋ ಇಂಡಿಯನ್ನರನ್ನು ನಾಮನಿರ್ದೇಶನ ಮಾಡುವುದು 2020ರ ಜನವರಿಯಲ್ಲೇ ನಿಂತಿದೆ. ಲೋಕಸಭೆಗೆ ಇನ್ನೂ 545 ಎಂದು ಬರೆದ ಚಾರ್ಟು ಬೇಡ.

ಲೋಕಸಭೆಗೆ ಇಡೀ ಶಾಲೆ ಮತ ಹಾಕಲಿ. ರಾಜ್ಯಸಭೆಗೆ ಹಾಗಲ್ಲ, ಅದರ ಸದಸ್ಯರನ್ನು ಆರಿಸುವವರು ರಾಜ್ಯಗಳ ಶಾಸಕರು. ಆದ್ದರಿಂದ ಕ್ಲಾಸ್ ಲೀಡರುಗಳು ಸೇರಿ 13 ಮಂದಿಯನ್ನು ಆರಿಸಲಿ, ಒಬ್ಬರನ್ನು ರಾಷ್ಟ್ರಪತಿ ನಾಮನಿರ್ದೇಶನ ಮಾಡಲಿ. ಕಲೋತ್ಸವದಲ್ಲಿ ಹೆಸರು ಮಾಡಿದ ಮಗುವಾದರೆ ಒಳ್ಳೆಯದು. ರಂಗಭೂಮಿಯ ಬಿ. ಜಯಶ್ರೀ ರಾಜ್ಯಸಭೆಗೆ ಹೋದದ್ದು ನಾಮನಿರ್ದೇಶನದಿಂದಲೇ. ಇನ್ನೊಂದು ಮಾತು: ಮುಂದಿನ ವರ್ಷ ರಾಜ್ಯಸಭೆಯನ್ನು ಪೂರ್ತಿ ಹೊಸದಾಗಿ ಕಟ್ಟಬೇಡಿ. ಅದು ವಿಸರ್ಜನೆಯಾಗದ ಸದನ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮಾತ್ರ ನಿವೃತ್ತಿಯಾಗುತ್ತದೆ. ನೀವೂ ನಾಲ್ಕೈದು ಮಂದಿಯನ್ನಷ್ಟೇ ಬದಲಿಸಿ.

ಪೀಠದಲ್ಲಿ ಯಾರು?

ಎಡವುವುದು ಇಲ್ಲೇ. ಒಳ್ಳೆಯ ಕಂಠದ ಒಬ್ಬ ಹುಡುಗನನ್ನು ಹುಡುಕಿ ಎರಡೂ ಕಡೆ ಕೂರಿಸಿದರೆ ಮುಗಿಯಿತು ಎನ್ನುವವರಿದ್ದಾರೆ. ಹಾಗಾಗದು. ಸ್ಪೀಕರ್ ಮೊದಲು ಚುನಾವಣೆ ಗೆದ್ದ ಲೋಕಸಭಾ ಸದಸ್ಯ. ಹಂಗಾಮಿ ಸ್ಪೀಕರ್ ಎಲ್ಲರಿಗೂ ಪ್ರಮಾಣವಚನ ಬೋಧಿಸಿದ ಮೇಲೆ ಸದಸ್ಯರು ತಮ್ಮೊಳಗಿನಿಂದಲೇ ಅವರನ್ನು ಆರಿಸುತ್ತಾರೆ. ರಾಜ್ಯಸಭೆಯ ಸಭಾಪತಿ ಆ ಸದನದ ಸದಸ್ಯರೇ ಅಲ್ಲ. ಉಪರಾಷ್ಟ್ರಪತಿ ಆದವರಿಗೆ ಆ ಪೀಠ ತಾನಾಗಿ ಬರುತ್ತದೆ. ಅವರಿಲ್ಲದಾಗ ನಡೆಸುವ ಉಪಸಭಾಪತಿ ಮಾತ್ರ ಸದಸ್ಯರು ಆರಿಸಿದವರು. ಮಕ್ಕಳಿಗೆ ಹೇಳಲು ಒಳ್ಳೆಯ ಉದಾಹರಣೆಯಿದೆ. 1977ರಿಂದ 1979ರವರೆಗೆ ಎರಡೂ ಪೀಠಗಳಲ್ಲಿ ಕನ್ನಡಿಗರಿದ್ದರು. ಬೆಂಗಳೂರು ದಕ್ಷಿಣದಿಂದ ಗೆದ್ದು ಬಂದ, ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ ಸ್ಪೀಕರ್, ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಸಭಾಪತಿ.

ಇಬ್ಬರಿಗೂ ಮೊದಲ ಸುತ್ತಿನಲ್ಲಿ ಮತವಿಲ್ಲ. ಮತಗಳು ಸಮಸಮವಾದರೆ ಮಾತ್ರ ನಿರ್ಣಾಯಕ ಮತ. ಸದಸ್ಯರು ಒಬ್ಬರಿಗೊಬ್ಬರು ಕೈತೋರಿಸಿ ಜಗಳಾಡಬಾರದು, ಪ್ರತಿ ಮಾತೂ ಪೀಠಕ್ಕೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದ ಎಷ್ಟೇ ಕಾವೇರಿದರೂ ಪ್ರಸಂಗದ ಹಿಡಿತ ಭಾಗವತರ ಕೈಯಲ್ಲಿರುತ್ತದೆ. ಪೀಠಕ್ಕೂ ಆ ಹಿಡಿತ ಬೇಕು. ಮರದ ಸುತ್ತಿಗೆಗೆ ದುಡ್ಡು ಹಾಕಬೇಡಿ. ಲೋಕಸಭೆಯ ನಿಯಮದಂತೆ ಸ್ಪೀಕರ್ ಎದ್ದು ನಿಂತರೆ ಸದಸ್ಯರೆಲ್ಲ ಕೂರಬೇಕು. ಇದನ್ನೇ ನಾಲ್ಕು ಸಲ ಅಭ್ಯಾಸ ಮಾಡಿಸಿ.

ಪೀಠದ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ಪ್ರತಿಪಕ್ಷ. ಪ್ರತಿ ಸದನಕ್ಕೂ ಸಭಾ ನಾಯಕ, ಪ್ರತಿಪಕ್ಷ ನಾಯಕ, ಸಚೇತಕರು ಬೇರೆ ಬೇರೆ. ಹಾಜರಿ ಹತ್ತನೇ ಒಂದಕ್ಕಿಂತ ಕಡಿಮೆಯಾದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಇಲ್ಲ.

ಮಸೂದೆಯ ಓಡಾಟ

ವಿಷಯ ಕೇಂದ್ರಕ್ಕೆ ಸೇರಿದ್ದಿರಲಿ. ಪಂಚಾಯತ್ ರಸ್ತೆಯ ಹೊಂಡ ಬೇಡ. ಭಾಷಾ ಅಲ್ಪಸಂಖ್ಯಾತರಿಗಾಗಿ ಸಂವಿಧಾನದ 350ಬಿ ವಿಧಿಯಲ್ಲಿರುವ ವಿಶೇಷಾಧಿಕಾರಿಯ ಕೆಲಸವನ್ನು ಬಲಪಡಿಸುವ ಮಸೂದೆಯನ್ನೇ ನಾನು ಸೂಚಿಸುತ್ತೇನೆ. ಇಲ್ಲಿನ ಕನ್ನಡ ಮಕ್ಕಳು ಅದರ ಮೇಲೆ ಮನಸ್ಸಿಟ್ಟು ಮಾತಾಡುತ್ತಾರೆ. ವಾಟ್ಸಾಪಿನಲ್ಲಿ ಓಡಾಡುವ ಸಿದ್ಧ ಸ್ಕ್ರಿಪ್ಟು ಬಾಯಿಪಾಠ ಮಾಡಿಸಿದರೆ ಆ ಜೀವ ಬರುವುದಿಲ್ಲ.

ಲೋಕಸಭೆಯಲ್ಲಿ ಮಂಡನೆ, ಚರ್ಚೆ, ತಿದ್ದುಪಡಿ, ಧ್ವನಿಮತ. ಯಾರಾದರೂ ಒಪ್ಪದಿದ್ದರೆ ವಿಭಜನೆ, ಅಂದರೆ ಮತ ಎಣಿಕೆ, ಕೇಳಲಿ; ಎಣಿಸಿ. ಸ್ಪೀಕರ್ ಬಿಟ್ಟು 31 ಮತ. 19 ಪರ, 12 ವಿರುದ್ಧ ಎಂದಿಟ್ಟುಕೊಳ್ಳಿ. ಮಹಾಕಾರ್ಯದರ್ಶಿ ಕಾಗದ ಹಿಡಿದು ಪಕ್ಕದ ಕೋಣೆಯ ರಾಜ್ಯಸಭೆಗೆ ಸಂದೇಶ ಒಯ್ಯಲಿ. ಅಲ್ಲಿ 4 ಪರ, 10 ವಿರುದ್ಧ: ಮಸೂದೆ ಬಿತ್ತು. ಹೆಚ್ಚಿನವರು ಗಲಿಬಿಲಿಯಾಗಿ ನಾಟಕ ನಿಲ್ಲಿಸುವುದು ಈ ಹಂತದಲ್ಲಿ. ನಿಲ್ಲಿಸಬೇಡಿ. ರಾಷ್ಟ್ರಪತಿ ಜಂಟಿ ಅಧಿವೇಶನ ಕರೆಯಲಿ. ಎಲ್ಲರೂ ದೊಡ್ಡ ಕೋಣೆಗೆ ಬರಲಿ. ಪೀಠದಲ್ಲಿ ಕೂರುವವರು ಸ್ಪೀಕರ್. ಹುದ್ದೆ ದೊಡ್ಡದೆಂದು ಉಪರಾಷ್ಟ್ರಪತಿಯನ್ನು ಕೂರಿಸುವುದನ್ನು ನೋಡಿದ್ದೇನೆ, ಅದು ತಪ್ಪು. ರಾಜ್ಯಸಭೆ ತಳ್ಳಿಹಾಕಿದ್ದ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ ಮಸೂದೆಗೆ 1978ರಲ್ಲಿ ಜಂಟಿ ಅಧಿವೇಶನ ಸೇರಿದಾಗಲೂ ನಡೆಸಿದವರು ಹೆಗ್ಡೆ, ಜತ್ತಿ ಅಲ್ಲ. ಈಗ ಮತ ಕೂಡಿಸಿ: 23 ಪರ, 22 ವಿರುದ್ಧ. ಒಂದೇ ಮತದಿಂದ ಗೆಲುವು. ದೊಡ್ಡ ಸದನದ ತೂಕ ಎಷ್ಟು, ಸಣ್ಣ ಸದನ ಎಷ್ಟರ ಮಟ್ಟಿಗೆ ತಡೆಯಬಲ್ಲದು ಎನ್ನುವುದು ಮಕ್ಕಳಿಗೆ ಬೋರ್ಡಿನ ಮೇಲೇ ಕಾಣುತ್ತದೆ.

ಹಣಕಾಸು ಮಸೂದೆಗೂ (ಮನಿ ಬಿಲ್) ಸಂವಿಧಾನ ತಿದ್ದುಪಡಿಗೂ ಈ ದಾರಿಯಿಲ್ಲ. ತಿದ್ದುಪಡಿಗೆ ಎರಡೂ ಸದನ ಬೇರೆ ಬೇರೆಯಾಗಿ ಒಪ್ಪಲೇಬೇಕು. ಹಣಕಾಸು ಮಸೂದೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಸ್ಪೀಕರ್. ರಾಜ್ಯಸಭೆ ಅದನ್ನು 14 ದಿನದೊಳಗೆ ಹಿಂದಿರುಗಿಸಬೇಕು, ಸಲಹೆ ಮಾತ್ರ ಕೊಡಬಹುದು. ಶಾಲೆಯಲ್ಲಿ ದಿನದ ಬದಲು 14 ನಿಮಿಷ ಇಟ್ಟುಕೊಳ್ಳಿ.

ಪ್ರಶ್ನೋತ್ತರ ಸುಲಭ: ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಿಸಿ, ಚುಕ್ಕೆ ಗುರುತಿನವಕ್ಕೆ ಮಂತ್ರಿ ಬಾಯಿಮಾತಿನಲ್ಲಿ ಉತ್ತರಿಸಲಿ, ಉಪಪ್ರಶ್ನೆಗೆ ಅವಕಾಶ ಇರಲಿ.

ಭಾಷೆಯ ಬಗ್ಗೆ ಅಳುಕು ಬೇಡ. ಹಿಂದಿ, ಇಂಗ್ಲಿಷ್ ಬಾರದ ಸದಸ್ಯರು ಪೀಠದ ಅನುಮತಿ ಪಡೆದು ಮಾತೃಭಾಷೆಯಲ್ಲಿ ಮಾತಾಡಬಹುದೆಂದು ಸಂವಿಧಾನದ 120ನೇ ವಿಧಿಯೇ ಹೇಳಿದೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳೂ ಆ ಅನುಮತಿ ಕೇಳಿ ಎದ್ದು ನಿಲ್ಲಲಿ, ಪಕ್ಕದವರು ಕನ್ನಡದಲ್ಲಿ ಹೇಳಲಿ.

ಕೊನೆಗೆ ಕಾಗದ ರಾಷ್ಟ್ರಪತಿಗೆ. ಅವರು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಸದನಗಳು ಮತ್ತೆ ಒಪ್ಪಿ ಕಳಿಸಿದರೆ ಅಂಕಿತ ಹಾಕಲೇಬೇಕು. ಅಂಕಿತ ಬಿದ್ದ ಕಾಯ್ದೆಗೆ ಹೆಸರು, ಇಸವಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ.