ಬಚ್ಚಲೊಲೆಯ ಕೆಂಡ, ಮ್ಯೂಸಿಯಂ ಬೀಸಣಿಗೆ

ಮೂರನೇ ಮಳೆಗಾಲ ದಾಟಿತು. ಮೊನ್ನೆ ದೀಪಾವಳಿ ಕಳೆದ ಮೇಲೆ, ನಮ್ಮ ಸಣ್ಣ ಸಂಗ್ರಹಾಲಯದ ಹಳೇ ಬೀಸಣಿಗೆಗಳನ್ನು ಮಳೆಗಾಲದ ತೇವ ತಾಗದಂತೆ ತುಂಬಿಟ್ಟ ಎಂಟೂ ಡಬ್ಬಿ ಬಿಚ್ಚಿ ಜಗಲಿಯಲ್ಲಿ ಹರವಿ ನೋಡಿದೆ. 23 ಬೀಸಣಿಗೆಗಳಲ್ಲಿ ಒಂದಕ್ಕೂ ಬೂಷ್ಟು ಹಿಡಿದಿಲ್ಲ, ಒಂದು ಹುಳದ ಹಿಕ್ಕೆಯೂ ಇಲ್ಲ. "ಬಚ್ಚಲೊಲೆ ಇಟ್ಕೊಂಡು ಮ್ಯೂಸಿಯಂ ನಡೆಸ್ತೀರಾ ಮಾರಾಯ್ರೇ?" ಎಂದು ನಕ್ಕವರೇ ಈಗ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಬಾಯಿ ಸೋತಿದೆ, ಅದಕ್ಕೇ ಈ ಬರಹ.

ನಾನು ಮೂಲದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನು. ಸಾಗರದಲ್ಲಿ ಮೂವತ್ತು ಚಿಲ್ಲರೆ ವರ್ಷ ಅದೇ ಕೆಲಸ. ನಮ್ಮ ಕಡೆಯ ಒಂದು ಹಳೇ ಮನೆಯ ಉಪ್ಪರಿಗೆಯಲ್ಲಿ ಟ್ರಸ್ಟಿನವರು ಮಾಡಿಕೊಂಡ ಸಣ್ಣ ಸಂಗ್ರಹಾಲಯಕ್ಕೆ ಕಡತ ಹೊಲಿಯಲು ಹೋದವನು ಬೀಸಣಿಗೆ ಕಪಾಟಿಗೆ ಸಿಕ್ಕಿಕೊಂಡೆ. ಲಾವಂಚದವು ಒಂಬತ್ತೋ ಹತ್ತೋ, ಗಂಧದ ಮಡಚುವ ಬೀಸಣಿಗೆ ಮೂರು, ನವಿಲುಗರಿಯವು ಎರಡು, ಮಣಿ ಪೋಣಿಸಿದ್ದು ಒಂದು, ಉಳಿದವು ತಾಳೆಗರಿ, ಬಿದಿರು. ಅಡಿಕೆ ಹಾಳೆಯ ಬೀಸಣಿಗೆ ಒಂದೂ ಇರಲಿಲ್ಲ! ಅಡಿಕೆ ತೋಟದ ಊರಿನಲ್ಲಿ ಹಾಳೆ ಬೀಸಣಿಗೆ ಇಲ್ಲದ ಮನೆ ಯಾವುದು? ಆದರೆ ಅದನ್ನು ಬೀಸಿ, ಒಲೆ ಊದಿ, ಹರಿದ ಮೇಲೆ ಅದೇ ಒಲೆಗೆ ಹಾಕುತ್ತಾರೆ. ಮ್ಯೂಸಿಯಂವರೆಗೆ ಬಂದು ತಲುಪುವುದು ಯಾರೂ ಬೀಸದ ಬೀಸಣಿಗೆಗಳು ಮಾತ್ರ. ವೈಶಾಖದಲ್ಲಿ ದಾನ ಬಂದದ್ದು, ಮದುವೆಯ ಕಾಶಿಯಾತ್ರೆಯಲ್ಲಿ ಕೊಡೆಯ ಜೊತೆ ಹಿಡಿದದ್ದು, ಮಗಳ ಪೆಟ್ಟಿಗೆಯಲ್ಲಿ ಹೋದದ್ದು. ಕಲಾವಿದ ಜತಿನ್ ದಾಸ್ ದೇಶವೆಲ್ಲ ತಿರುಗಿ ಸಾವಿರಾರು ಪಂಖಾ ಕೂಡಿಸಿದ್ದಾರೆ. ನಮ್ಮದು 23. ಆದರೂ ಅವರಿಗೆ ಪುಷ್ಯ ಮಳೆಯ ಉಪ್ಪರಿಗೆ ಇಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಮೊದಲನೇ ವರ್ಷದ ಕಥೆ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು. ರಟ್ಟಿನವರ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದು ಹಳೇ ಅಭ್ಯಾಸ, ಹುಳ ಬರದಿರಲಿ ಎಂದು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಕಾಲದಲ್ಲಿ ಅದು ಯಾವ ತೋಟದವರ ಮನೆಯಲ್ಲೂ ಸಿಗುತ್ತದೆ. ಎರಡು ಲಾವಂಚದ ಬೀಸಣಿಗೆಗಳ ಅಂಚಿನ ಬಟ್ಟೆ ಎದ್ದಿತ್ತು, ಅದೇ ಅಂಟು ಹಾಕಿ ಕೂರಿಸಿದೆ. ಮೂರು ತಿಂಗಳಿಗೆ ಬಿಳಿ ಬಟ್ಟೆಯ ಮೇಲೆ ಹಸಿರು ಕಲೆ ಎದ್ದು ಬಂತು. ಇವತ್ತಿಗೂ ಇದೆ, ತೆಗೆಯಲು ಆಗಿಲ್ಲ. ಅಲ್ಲಿಂದ ಮುಂದೆ ಬಿಳಿ ಅಂಟಿಗೆ ಹೋದೆ. ಅದು ಇನ್ನೂ ಕೆಟ್ಟದು. ಒಣಗಿದರೆ ಪ್ಲಾಸ್ಟಿಕ್ಕು, ಬಿಡಿಸಲು ಹೋದರೆ ಬಟ್ಟೆಯೇ ಬರುತ್ತದೆ.

ಕಡೆಗೆ ದಾರಿ ತೋರಿಸಿದ್ದು ನಮ್ಮನೆಯವಳ ಗೋಧಿ ಹಲ್ವ. ಗೋಧಿಹಿಟ್ಟನ್ನು ಕಲಸಿ, ನೀರಿನಲ್ಲಿ ಕಿವುಚಿ ಕಿವುಚಿ ಹಾಲು ತೆಗೆದು, ರಾತ್ರಿ ಇಟ್ಟು, ಮೇಲಿನ ತಿಳಿ ಚೆಲ್ಲಿ ಅಡಿಯ ಬಿಳಿ ಗಸಿ ಉಳಿಸುತ್ತಾಳಲ್ಲ, ಅದೇ ಬೇಕಾದ್ದು. ಕೈಗೆ ರಬ್ಬರಿನಂತೆ ಉಳಿಯುವ ಜಿಗುಟು ಹೋದರೆ ಅಂಟು ಒಣಗಿ ಕಲ್ಲಾಗುವುದಿಲ್ಲ, ಮುಂದೆ ಯಾರಾದರೂ ಒದ್ದೆ ಹತ್ತಿಯಿಂದ ಬಿಡಿಸಲೂ ಬರುತ್ತದೆ. ಒಂದು ಭಾಗ ಗಸಿಗೆ ಐದಾರು ಭಾಗ ನೀರು, ಸಣ್ಣ ಉರಿಯಲ್ಲಿ ಪಾರಕ ಆಗುವವರೆಗೆ ಕದಡುವುದು, ತಣಿದ ಮೇಲೆ ಎರಡು ಸಲ ಬಟ್ಟೆಯಲ್ಲಿ ಸೋಸುವುದು. ತೇಪೆ ಹಾಕುವ ಕಾಗದ ಮಾತ್ರ ಜಪಾನಿನದು, ಈರುಳ್ಳಿ ಸಿಪ್ಪೆಗಿಂತ ತೆಳು, ಬೆಂಗಳೂರಿನಿಂದ ತರಿಸಿದ್ದು. ಹತ್ತು ಹಾಳೆಗೆ ಸುಮಾರು 1,400 ರೂಪಾಯಿ. ಟ್ರಸ್ಟಿನ ಖಜಾಂಚಿಗೆ ಬಿಲ್ ತೋರಿಸಿದಾಗ, "ಇಷ್ಟು ದುಡ್ಡಿಗೆ ನೂರು ಬೀಸಣಿಗೆ ಕೊಳ್ಳಬಹುದಿತ್ತು ರಾಯರೇ" ಎಂದರು.

ನಡುವೆ ಒಂದು ಹುಚ್ಚು. ಬಿಳಿ ಕಾಗದ ಲಾವಂಚದ ಕಂದಿನ ಮೇಲೆ ಎದ್ದು ಕಾಣುತ್ತಿತ್ತು. ಹೆಗ್ಗೋಡಿನ ಕೈಮಗ್ಗ ಸಂಸ್ಥೆ ಚರಕದವರು ಅಡಿಕೆ ಬೇಯಿಸಿ ಉಳಿದ ಚೊಗರಿನಲ್ಲಿ ನೂಲಿಗೆ ಬಣ್ಣ ಹಾಕುವುದು ಎಲ್ಲರಿಗೂ ಗೊತ್ತು. ನಾನೂ ನೆರೆಮನೆಯ ಅಡಿಕೆ ಹಂಡೆಯಿಂದ ಒಂದು ಲೋಟ ಚೊಗರು ತಂದು, ನೀರು ಮಾಡಿ, ಕಾಗದ ಅದ್ದಿದೆ. ಬಣ್ಣ ಏನು ಹೊಂದಿತು ಅಂತೀರಿ, ತೇಪೆ ಎಲ್ಲಿದೆ ಎಂದು ನನಗೇ ಹುಡುಕಲು ಆಗಲಿಲ್ಲ! ಆದರೆ ಚೊಗರಿನಲ್ಲಿ ಹುಳಿ ಇದೆ, ಹತ್ತಾರು ವರ್ಷದಲ್ಲಿ ಕಾಗದವನ್ನೂ ಬಟ್ಟೆಯನ್ನೂ ಅದು ತಿನ್ನುತ್ತದೆ. ಒಂದೇ ಬೀಸಣಿಗೆಗೆ ನಿಲ್ಲಿಸಿದೆ. ಈಗ ನೀರುಬಣ್ಣದಿಂದ ಕೆಲಸ ನಡೆಯುತ್ತಿದೆ, ಅಷ್ಟು ಚಂದ ಬರುವುದಿಲ್ಲ.

ಚಮಕಿಯ ವಿಷಯದಲ್ಲಿ ಮೈ ಮರೆಯಬೇಡಿ. ಒಂದು ಬೀಸಣಿಗೆಯ ಸುತ್ತ ಜರಿ, ಜರಿಯ ಒಳಗೆ ಕೆಂಪು ಚಮಕಿ. ಸೊಟ್ಟಗಾದ ಅಂಚನ್ನು ನೇರ ಮಾಡಲು ಒದ್ದೆ ಬ್ಲಾಟಿಂಗ್ ಇಟ್ಟು ಮೇಲೆ ಗಾಜು ಹೇರಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಏಳೆಂಟು ಚಮಕಿ ಕರಗಿ ಬ್ಲಾಟಿಂಗಿಗೆ ಅಂಟಿವೆ. ಹಳೇ ಕಾಲದ ಚಮಕಿಗಳಲ್ಲಿ ಜೆಲಟಿನ್‌ನವೂ ಇರುತ್ತವೆ, ನೀರು ತಾಗಿದರೆ ಹೋಯಿತು. ಈಗ ಮೊದಲು ಒಂದಕ್ಕೆ, ಹಿಂಬದಿಯಲ್ಲಿ, ಸೂಜಿಮೊನೆಯಷ್ಟು ನೀರು ತಾಗಿಸಿ ನೋಡಿಯೇ ಮುಂದಿನ ಕೆಲಸ.

ಹುಳಕ್ಕೆ ಮೊದಲು ನಾನೂ ಎಲ್ಲರಂತೆ ಬಜೆ ಪುಡಿ, ಲಕ್ಕಿ ಸೊಪ್ಪು, ನುಸಿಗುಳಿಗೆ ಮಾಡಿದವನೇ. ಲಾವಂಚಕ್ಕೆ ಹುಳ ಬರುವುದಿಲ್ಲ ಎನ್ನುತ್ತಾರೆ. ಬೇರಿಗೆ ಅಷ್ಟಾಗಿ ಬರಲಿಲ್ಲ ನಿಜ. ಆದರೆ ಅಂಚಿನ ಬಟ್ಟೆ, ಗಂಜಿ, ಹೊಲಿಗೆ ದಾರಕ್ಕೆ ಧಾರಾಳವಾಗಿ ಬಂತು. ನವಿಲುಗರಿಯಂತೂ ಬುಡದಿಂದ ಪುಡಿ ಉದುರುತ್ತಿತ್ತು. ಕಡೆಗೆ ಚಳಿ ಕೊಟ್ಟು ಕೊಲ್ಲುವುದೇ ಎಂದು ತೀರ್ಮಾನಿಸಿದೆ. ಡೀಪ್ ಫ್ರೀಜರ್ ಕೊಳ್ಳಲು ದುಡ್ಡಿಲ್ಲ. ಪರಿಚಯದ ಐಸ್‌ಕ್ರೀಮ್ ಅಂಗಡಿಯವನ ಕಾಲು ಹಿಡಿದೆ. ಬೀಸಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹೊರಡಿಸಿ, ಟೇಪು ಬಿಗಿದು, ವೆನಿಲಾ ಡಬ್ಬಗಳ ಕೆಳಗೆ ಹದಿನೈದು ದಿನ. ಮುಳ್ಳು ಮೈನಸ್ 18ರ ಆಸುಪಾಸು ನಿಂತಿತ್ತು. ಮ್ಯೂಸಿಯಂನವರು ಮೈನಸ್ 20ರಲ್ಲಿ ಒಂದು ವಾರ ಸಾಕು ಎನ್ನುತ್ತಾರೆ. ನಮ್ಮದು ಅಂಗಡಿ ಫ್ರೀಜರ್, ದಿನಕ್ಕೆ ನೂರು ಸಲ ಮುಚ್ಚಳ ತೆಗೆಯುತ್ತಾರೆ, ಅದಕ್ಕೆ ಎರಡು ಪಟ್ಟು. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚಬಾರದು, ಒಂದು ಪೂರ್ತಿ ದಿನ ಹಾಗೇ ಬಿಡಬೇಕು. ಬಿಚ್ಚಿದರೆ ನೀರು ಬೀಸಣಿಗೆಯ ಮೇಲೇ ಕಟ್ಟುತ್ತದೆ. ಒಂದು ಚೀಲ ಸರಿಯಾಗಿ ಮುಚ್ಚಿರಲಿಲ್ಲ. ಆ ವಾರ ಬಟರ್‌ಸ್ಕಾಚ್ ಲಾವಂಚದ ವಾಸನೆ ಹೊಡೆಯಿತಂತೆ. ಗಿರಾಕಿ ಒಬ್ಬರು "ಹೊಸ ಫ್ಲೇವರಾ?" ಎಂದು ಕೇಳಿದರಂತೆ. ಆ ಪುಣ್ಯಾತ್ಮ ಬಾಡಿಗೆ ತೆಗೆದುಕೊಳ್ಳಲಿಲ್ಲ, ಆದರೆ ಎರಡನೇ ಸಲ ಕೇಳಿದಾಗ ಮುಖ ಹುಳಿ ಮಾಡಿದ.

ಹುಳ ಸತ್ತರೂ ತೇವ ಹೋಗುವುದಿಲ್ಲವಲ್ಲ. ಆಗುಂಬೆಯಂತೆ ವರ್ಷಕ್ಕೆ 7,000 ಮಿಲಿಮೀಟರ್ ಅಲ್ಲದಿದ್ದರೂ ನಮ್ಮಲ್ಲೂ ಆರಿದ್ರೆಯಿಂದ ಮಘೆಯವರೆಗೆ ಗೋಡೆ ಬೆವರುತ್ತದೆ. ಗಾಳಿಯ ತೇವಾಂಶ ಶೇಕಡಾ 65, 70 ದಾಟಿದರೆ ಬೂಷ್ಟು. ನಮ್ಮ ಉಪ್ಪರಿಗೆಯಲ್ಲಿ 90 ತೋರಿಸುತ್ತದೆ. ತೇವ ಹೀರುವ ಯಂತ್ರ ಇಡಿ ಎಂದು ಬೆಂಗಳೂರಿನ ಒಬ್ಬರು 85 ಸಾವಿರದ ಅಂದಾಜು ಕೊಟ್ಟು ಹೋದರು. ಕರೆಂಟು ದಿನಕ್ಕೆ ಆರು ಗಂಟೆ ಇಲ್ಲದ ಊರಿಗೆ!

ರಬ್ಬರ್ ಪಟ್ಟಿ ಇರುವ 20 ಲೀಟರಿನ ಅಡುಗೆಮನೆ ಡಬ್ಬಿ ತಂದೆ, ಎಂಟು, ಒಂದಕ್ಕೆ 450ರ ಹತ್ತಿರ. ತೇವ ಹೀರುವ ಹರಳು ಸಿಲಿಕಾ ಜೆಲ್, ಡಬ್ಬಿಗೆ ಅರ್ಧ ಕಿಲೋ. ಮೊದಲನೇ ವರ್ಷ, ತೇವ ಕುಡಿದರೆ ಗುಲಾಬಿಯಾಗುವ ನೀಲಿ ಜೆಲ್ ಹುರಿದು ಗರಿಗರಿ ಮಾಡಿ ಇಟ್ಟೆ. ಬೂಷ್ಟು ಬರಲಿಲ್ಲ. ಆದರೆ ತಾಳೆಗರಿಯ ಬೀಸಣಿಗೆ ಎರಡು ಕಡೆ ಸೀಳಿತು, ಗಂಧದ ಕಡ್ಡಿಯೊಂದು ಸೊಟ್ಟಗಾಯಿತು, ಹಳೇ ರೇಷ್ಮೆ ರಿಬ್ಬನ್ ಮುಟ್ಟಿದರೆ ಪುಡಿ. ಕೆಳದಿಯ ಮ್ಯೂಸಿಯಂನಲ್ಲಿ ತಾಳೆಗರಿ ಓಲೆಗಳನ್ನು ನೋಡಿದವರಿಗೆ ಅವು ಎಷ್ಟು ನಾಜೂಕು ಎಂದು ಗೊತ್ತಿರುತ್ತದೆ, ಬೀಸಣಿಗೆಯೂ ಅದೇ ಜಾತಿ. ಒಣಗಿಸಿ ಕೊಂದೆ ಎಂದು ಟ್ರಸ್ಟಿನ ಸಭೆಯಲ್ಲಿ ಹೇಳಿಸಿಕೊಂಡದ್ದು ಆಗಲೇ.

ಆಗ ಹೊಳೆದದ್ದು, ಜೆಲ್ಲನ್ನು ಪೂರ್ತಿ ಒಣಗಿಸಿ ಇಡಬಾರದು, ಅರ್ಧ ಹೊಟ್ಟೆ ತುಂಬಿಸಿ ಇಡಬೇಕು. ಹಾಗೆ ಇಟ್ಟರೆ ಡಬ್ಬಿಯೊಳಗೆ ತೇವ ಹೆಚ್ಚಾದಾಗ ಕುಡಿಯುತ್ತದೆ, ಕಡಿಮೆಯಾದಾಗ ಬಿಡುತ್ತದೆ, ತೇವ ತೋರಿಸುವ ಮುಳ್ಳು 50ರ ಸುತ್ತ ಆಡುತ್ತದೆ. ಇದಕ್ಕೆ ಬಣ್ಣ ನಂಬಿದರೆ ಕೆಟ್ಟಿರಿ. ನಮಗೆ ಬೇಕಾದ ಹದಕ್ಕೆ ಬರುವಷ್ಟರಲ್ಲಿ ನೀಲಿ ಆಗಲೇ ಗುಲಾಬಿಯಾಗಿರುತ್ತದೆ. ತಕ್ಕಡಿಯೇ ಗತಿ. ಪೂರ್ತಿ ಒಣಗಿದ ಅರ್ಧ ಕಿಲೋ ಜೆಲ್ಲನ್ನು ತಟ್ಟೆಯಲ್ಲಿ ಹರಡಿ ಜಗಲಿಯಲ್ಲಿಟ್ಟರೆ ಮಳೆಗಾಲದ ಗಾಳಿಯೇ ತೂಕ ಏರಿಸುತ್ತದೆ. 600 ಗ್ರಾಂ ದಾಟಿ ಒಂದಿಷ್ಟು ಮೇಲೆ ನಾನು ಎತ್ತಿಬಿಡುತ್ತೇನೆ. ಆ ಒಂದಿಷ್ಟು ಎಷ್ಟು ಎಂಬುದನ್ನು ನಿಮ್ಮ ಜೆಲ್ ನೋಡಿ ನೀವೇ ಕಂಡುಕೊಳ್ಳಿ, ನನಗೆ ಎರಡು ಮಳೆಗಾಲ ಹಿಡಿಯಿತು. ಡಬ್ಬಿಯೊಳಗೆ ಜೆಲ್ ಪೊಟ್ಟಣ ಎಲ್ಲಿ ಇಡುತ್ತೇನೆ ಎಂಬುದನ್ನೂ ಸದ್ಯಕ್ಕೆ ಹೇಳುವುದಿಲ್ಲ.

ಮತ್ತೆ ಒಣಗಿಸುವುದು ಬಚ್ಚಲೊಲೆಯಲ್ಲಿ. ಅದಕ್ಕೇ ಎಲ್ಲರೂ ನಕ್ಕದ್ದು. ಮಲೆನಾಡಿನಲ್ಲಿ ದಿನಾ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಲೇಬೇಕು. ಎಲ್ಲರ ಸ್ನಾನ ಮುಗಿದ ಮೇಲೆ ಉಳಿಯುವ ಕೆಂಡ ಪುಕ್ಕಟೆ. ಕಬ್ಬಿಣದ ಬಾಣಲೆಯಲ್ಲಿ ಜೆಲ್ ಹಾಕಿ, ಉರಿ ಇಲ್ಲದ ಕೆಂಡದ ಮೇಲೆ, ಮೂರು ಗಂಟೆ ಹತ್ತಿರ ಕೈಯಾಡಿಸುತ್ತಾ ಇರಬೇಕು, ತೂಕ ಇಳಿಯುವುದು ನಿಲ್ಲುವವರೆಗೆ. ಮೊದಲ ದಿನ ಉರಿಯ ಮೇಲೆ ಇಟ್ಟೆ. ಒದ್ದೆ ಜೆಲ್ ಸಾಸಿವೆಯಂತೆ ಪಟಪಟ ಸಿಡಿದು ಅರ್ಧ ಪುಡಿಯಾಯಿತು. ನೀಲಿ ಜೆಲ್ ಹೆಚ್ಚು ಕಾಯಿಸಿ ಬಣ್ಣವೇ ಸತ್ತುಹೋಯಿತು, ಆಮೇಲೆ ಬಿಳಿಯದಕ್ಕೇ ಬದಲಾಯಿಸಿದೆ. ಅದು ಅಗ್ಗ, ನೀಲಿಯದರಲ್ಲಿರುವ ಕೋಬಾಲ್ಟಿನ ವಿಷವೂ ಇಲ್ಲ. ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಪುಷ್ಯ, ಆಶ್ಲೇಷದಲ್ಲಿ ಮೂರು ವಾರಕ್ಕೊಮ್ಮೆ ಈ ಕೆಲಸ, ಆಮೇಲೆ ತಿಂಗಳಿಗೊಮ್ಮೆ ಸಾಕು.

ತೇವ ತೋರಿಸುವ 300, 350 ರೂಪಾಯಿಯ ಗಡಿಯಾರಗಳು ಸುಳ್ಳು ಹೇಳುತ್ತವೆ. ಮುಚ್ಚಳದಲ್ಲಿ ಒದ್ದೆ ಉಪ್ಪು ಹಾಕಿ, ಗಡಿಯಾರದ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ದಿನ ಇಡಿ, 75 ತೋರಿಸಬೇಕು. ನನ್ನ ಐದರಲ್ಲಿ ಒಂದು 68 ಅಂತಿತ್ತು, ಒಂದು 81. ಹಿಂದೆ ಚೀಟಿ ಅಂಟಿಸಿ ಕೂಡಿಸುವುದೋ ಕಳೆಯುವುದೋ ಬರೆದಿಟ್ಟಿದ್ದೇನೆ.

ಗಂಧದವು ಬೇರೆಯದೇ ತಲೆನೋವು. ಸಾಗರ, ಸೊರಬದ ಗುಡಿಗಾರರ ಕೆತ್ತನೆ, ಜಾಲರಿಯಂತೆ ತೂತು ತೂತು. ಮೂರರಲ್ಲಿ ಎರಡಕ್ಕೆ ರಿಬ್ಬನ್ ಇರಲಿಲ್ಲ, ಕಡ್ಡಿಗಳು ಬುಡದ ಕೀಲಿನಲ್ಲಿ ಜೋತಾಡುತ್ತಿದ್ದವು. ಬಳೆ ಅಂಗಡಿಯ ಸ್ಯಾಟಿನ್ ರಿಬ್ಬನ್ ಪೋಣಿಸಿದೆ, ಬಿಚ್ಚಿದರೆ ಚಂದ, ಮಡಚಿದರೆ ಮುಚ್ಚುವುದೇ ಇಲ್ಲ, ರಿಬ್ಬನ್ ಅಷ್ಟು ದಪ್ಪ. ತೆಳು ರೇಷ್ಮೆ ತಂದು ಒಂದೇ ಉದ್ದ ಪೋಣಿಸಿದೆ, ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹಿರಿಯ ಗುಡಿಗಾರರೊಬ್ಬರ ಹತ್ತಿರ ಹೋದೆ. ಕನ್ನಡಕ ಏರಿಸಿ ನೋಡಿ, "ತಮ್ಮಾ, ಇದು ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಅಲ್ಲ. ತುಂಡು ತುಂಡು ಮಾಡು, ಪಕ್ಕದ ಕಡ್ಡಿಗೆ ಪಕ್ಕದ ಕಡ್ಡಿ ಹಿಡಿಸು" ಎಂದರು. ಅಷ್ಟೇ! 18 ಕಡ್ಡಿಗೆ 17 ತುಂಡು. ಕಾಗದದ ಮೇಲೆ ಅರ್ಧಚಂದ್ರ ಬರೆದು, ಕಡ್ಡಿಗಳನ್ನು ಅದರ ಮೇಲೆ ಹರಡಿ, ಒಂದೊಂದೇ ತುಂಡನ್ನು ಗೋಧಿ ಅಂಟಿನಿಂದ ಕೂರಿಸಿದೆ. ಒಂದಕ್ಕೆ ಎರಡು ದಿನ. ಹಿಂದೆ ಯಾರೋ ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಬಳಿದಿದ್ದರು, ಕೆತ್ತನೆಯ ಸಂದಿನಲ್ಲಿ ಧೂಳು ಅಂಟಿ ಕೂತಿದೆ. ಒಣ ಬ್ರಷ್‌ಗೆ ಬಂದಷ್ಟು ತೆಗೆದು ಉಳಿದದ್ದನ್ನು ಬಿಟ್ಟಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೆ ಎಲ್ಲ ಹಾಳಾಗುವುದರಲ್ಲಿತ್ತು, ಒಂದು ಚೊಂಬು ನೀರಿನಿಂದ. ಬೇರೊಂದು ಕಡೆಯ ಸಂಗ್ರಹದಲ್ಲಿ ನಾನೇ ಕಣ್ಣಾರೆ ಕಂಡಿದ್ದೆ, ಕಾವಲಿನವರು ಬಂದ ಶಾಲೆ ಮಕ್ಕಳಿಗೆ ಲಾವಂಚದ ಬೀಸಣಿಗೆಗೆ ನೀರು ಚಿಮುಕಿಸಿ ಬೀಸಿ ಪರಿಮಳ ತೋರಿಸುತ್ತಿದ್ದರು. ಮಕ್ಕಳ ಖುಷಿ ನೋಡಿದರೆ ಬೈಯಲೂ ಆಗುವುದಿಲ್ಲ. ಆದರೆ ಆ ಬೀಸಣಿಗೆಯ ಹಿಂಬದಿ ಪೂರ್ತಿ ಕಪ್ಪು ಬೂಷ್ಟು. ನಮ್ಮಲ್ಲೂ ಅದೇ ಶುರುವಾಗಿತ್ತು. ಕಪಾಟಿಗೆ ಬೀಗ ಹಾಕಿದರೆ ಜನ ಬರುವುದಿಲ್ಲ ಎಂದು ಟ್ರಸ್ಟಿನವರ ಗೋಳು. ಕಡೆಗೆ ಒಂದು ಹೊಸ ಬೀಸಣಿಗೆ ಮಾಡಿಸಿದೆ, ಅದೇ ಅಳತೆ, ಅದೇ ಕೆಂಪು ಅಂಚು, ಚಮಕಿ ಮಾತ್ರ ಪ್ಲಾಸ್ಟಿಕ್ಕಿನದು. 600 ರೂಪಾಯಿ. ಅದನ್ನು ಬಾಗಿಲ ಹತ್ತಿರ ನೀರಿನ ಬಟ್ಟಲಿನ ಜೊತೆ ಇಟ್ಟಿದ್ದೇವೆ, ಯಾರು ಬೇಕಾದರೂ ಬೀಸಿಕೊಳ್ಳಲಿ.

ಒಟ್ಟು ಖರ್ಚು ನೆನಪಿನ ಮೇಲೆ 14 ಸಾವಿರ. ಟ್ರಸ್ಟು ಕೊಟ್ಟದ್ದು 10. ಬಾಗಿಲ ಹತ್ತಿರದ ಬೀಸಣಿಗೆಯ ಬೇರು ಮಕ್ಕಳ ಕೈಗೆ ಸಿಕ್ಕಿ ನಡುವೆ ತೆಳುವಾಗಿದೆ, ಬೇಸಿಗೆಯೊಳಗೆ ಇನ್ನೊಂದು ಮಾಡಿಸಬೇಕು. ಆ 600 ಈ ಸಲ ಯಾರ ಜೇಬಿನಿಂದ ಎಂದು ಮುಂದಿನ ಸಭೆಯಲ್ಲಿ ಗೊತ್ತಾಗುತ್ತದೆ.